ಅಪ್ಪಣೆಗೆ ಮೊದಲು ಅರ್ಜಿ

ಧಾರವಾಡದ ಓದುಗರ ಪತ್ರ: "ಥಾಯ್ಲೆಂಡಿನಲ್ಲಿ ಹೆಂಗಸರು ಬೀದಿಗೇ ಇಳಿಯಲಿಲ್ಲ. ರಾಜರೇ ಕರೆದು ಹಕ್ಕು ಕೊಟ್ಟರು. 1932ರಲ್ಲಿ ಗಂಡಸರ ಜೊತೆಗೇ ವೋಟೂ ಸಿಕ್ಕಿತು. ಅಲ್ಲಿ ಹೋರಾಟ ಎಂಬುದೇ ನಡೆದಿಲ್ಲ, ಅಲ್ವಾ?"

ನಿಮ್ಮ ಪತ್ರ ನನ್ನನ್ನು ಎರಡು ದಿನ ಸುಮ್ನೆ ಕೂರಲು ಬಿಡಲಿಲ್ಲ. ವೋಟಿನ ಮಾತು ನಿಜ. ಆಗಿನ ಥಾಯ್ ರಾಜ ಮಾಂಗ್‌ಕುಟ್ ಜನರ ಅಹವಾಲಿಗೆ ಕಿವಿಗೊಟ್ಟ, ಅದನ್ನೂ ಒಪ್ಪೋಣ. ಆದರೆ ಯಾರ ಮಾತಿಗೆ ಕಿವಿಗೊಟ್ಟ? ಅದನ್ನು ನೀವು ಕೇಳಲೇ ಇಲ್ಲವಲ್ಲ!

1865ನೇ ಇಸವಿ. ಬ್ಯಾಂಕಾಕಿನ ಪಕ್ಕದ ನೊಂತಬುರಿಯ ಮುಆನ್ ಎಂಬ ಹುಡುಗಿಗೆ ಇಪ್ಪತ್ತೊಂದು ವರ್ಷ. ಅವಳಿಗೆ ರಿಟ್ ಮೇಲೆ ಮನಸ್ಸು, ಅಪ್ಪ ಅಮ್ಮ ಕೊಟ್ಟದ್ದು ಫೂ ಎಂಬುವನಿಗೆ. ಅವನು ಮನೆಗೆ ಎಳೆದೊಯ್ದರೂ ಇವಳು ಕೋಣೆಯೊಳಗೆ ಕಾಲಿಡಲಿಲ್ಲ, ಹೊರಗೇ ಕೂತಳು. ಕೊನೆಗೆ ದೂರು, ಬಂಧನ. ಅಲ್ಲಿಂದಲೂ ತಪ್ಪಿಸಿಕೊಂಡು ಬ್ಯಾಂಕಾಕಿಗೆ ಬಂದು ನೇರ ರಾಜನಿಗೇ ಅರ್ಜಿ ಕೊಟ್ಟಳು. 20 ದಾಟಿದ ಹೆಣ್ಣು ಗಂಡನನ್ನು ತಾನೇ ಆರಿಸಿಕೊಳ್ಳಬಹುದು ಎಂಬ ಅಪ್ಪಣೆ ಹೊರಟದ್ದು ಆಮೇಲೆ. ಅದೂ ದೊಡ್ಡ ಮನೆತನದ ಹೆಣ್ಣುಮಕ್ಕಳನ್ನು ಬಿಟ್ಟು.

ಮೂರು ವರ್ಷದೊಳಗೆ ಚನ್ ಎಂಬಾಕೆ ಬಂದಳು. ಗಂಡ ಅವಳಿಗೆ ಹೇಳದೆ ಕೇಳದೆ ಅವಳನ್ನೇ ಮಾರಿದ್ದ! ಹಳೇ ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ಹೆಣ್ಣನ್ನು ಎಮ್ಮೆ, ಗಂಡನ್ನು ಮನುಷ್ಯ ಎಂದು ನೋಡುವ ಕಾನೂನು ಇದು ಎಂದು ರಾಜನೇ ಅದನ್ನು ತೆಗೆದುಹಾಕಿದ. ಈ ಮಾತನ್ನು ಎಲ್ಲರೂ ರಾಜನ ಹೆಸರಿನಲ್ಲೇ ನೆನೆಯುತ್ತಾರೆ, ಚನ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ. ನಮ್ಮ ಶಾಲೆಯ ನೋಟ್ಸಿನಲ್ಲೂ ಅಷ್ಟೇ, "ರಾಜನ ಸುಧಾರಣೆಗಳನ್ನು ವಿವರಿಸಿ" ಎಂದು ಐದು ಅಂಕದ ಪ್ರಶ್ನೆ ಇರುತ್ತಿತ್ತು. ಅರ್ಜಿ ಹಿಡಿದು ಬಂದವರು ಯಾರು ಎಂದು ಒಬ್ಬ ಮೇಷ್ಟ್ರೂ ಕೇಳಲಿಲ್ಲ. ನೀವೂ ಅದೇ ನೋಟ್ಸು ಓದಿ ಬೆಳೆದವರು, ನಿಮ್ಮೊಬ್ಬರ ತಪ್ಪು ಅಂತ ಹೇಗೆ ಹೇಳಲಿ?

ಇನ್ನು 1932ರ ವೋಟು. ಸಂಸತ್ತಿಗೆ ಮೊದಲ ಹೆಣ್ಣು, ಉಬೋನ್‌ನ ಒರಾಪಿನ್ ಚೈಯಕಾನ್, ಗೆದ್ದು ಬಂದದ್ದು 1949ರಲ್ಲಿ. ಮದುವೆಯಾದವಳು ಗಂಡನ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕು ಎಂಬ ನಿಯಮವನ್ನು ಸಂವಿಧಾನ ನ್ಯಾಯಾಲಯ ಅಸಿಂಧು ಎಂದದ್ದು 2003ರಲ್ಲಿ, ಅಂದರೆ ವೋಟು ಸಿಕ್ಕಿ 71 ವರ್ಷವಾದ ಮೇಲೆ. ಹೆಂಡತಿಯ ಮೇಲೆ ಗಂಡ ನಡೆಸುವ ಅತ್ಯಾಚಾರ ಅಪರಾಧವಾದದ್ದು 2007ರಲ್ಲಿ. ಕರೆದು ಕೊಡುವವರು ಇಷ್ಟು ತಡಮಾಡುತ್ತಾರಾ?

ಬೌದ್ಧ ಮಠದ ಬಾಗಿಲಂತೂ ಇನ್ನೂ ಗಟ್ಟಿ. 1928ರಲ್ಲಿ ನರಿನ್ ಫಾಸಿತ್ ಎಂಬಾತ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡಿಸಿದಾಗ, ಯಾವ ಭಿಕ್ಷುವೂ ಹೆಣ್ಣಿಗೆ ದೀಕ್ಷೆ ಕೊಡಕೂಡದು ಎಂದು ಅಲ್ಲಿನ ಭಿಕ್ಷುಗಳ ಮುಖ್ಯಸ್ಥರಾದ ಸಂಘರಾಜರು ಆದೇಶ ಹೊರಡಿಸಿದರು. ಧಮ್ಮನಂದಾ ಎಂಬಾಕೆ 2003ರಲ್ಲಿ ಭಿಕ್ಷುಣಿಯಾಗಲು ಶ್ರೀಲಂಕಾಕ್ಕೆ ಹೋಗಬೇಕಾಯಿತು. 1928ರ ಆ ಆದೇಶ ಇನ್ನೂ ರದ್ದಾಗಿಲ್ಲ.