ಎರಡಂತಸ್ತಿನ ಮನೆಗೆ ನಾವೇ ಹೊರಗಡೆ ಪೇಂಟ್ ಹೊಡೀಬೇಕಂದ್ರೆ ಸರ್ವೆ ಮರದ ಸಾರುವೆ ಕಟ್ಟಿಸೋದಾ, ಪೈಪ್ ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ತರೋದಾ? ಯಾವುದು ಕಮ್ಮಿಗೆ ಆಗುತ್ತೆ?

"ಯಾವುದು ಕಮ್ಮಿಗೆ ಆಗುತ್ತೆ" ಅಂತ ನಾನೂ ಊರೆಲ್ಲಾ ಕೇಳ್ಕೊಂಡು ಓಡಾಡಿದ್ದೆ. ಕೇಳಿ ಕೇಳಿ ಕೊನೆಗೆ 84 ರೂಪಾಯಿ ಉಳಿಸಿದೆ. ಮೊದಲು ಅದರ ಕಥೆ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ಆಮೇಲೆ ಬರ್ತೀನಿ, ಬರದೇ ಹೋದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ದಾವಣಗೆರೆ. ಕೆಳಗೆ ಒಂದು, ಮೇಲೆ ಒಂದು ಫ್ಲೋರು. ಪೇಂಟರ್ ಹೇಳಿದ ರೇಟ್ ಕೇಳಿ ತಲೆ ತಿರುಗಿ, ನಾನು ನನ್ನ ಭಾಮೈದ ಇಬ್ಬರೇ ಹೊಡೆದುಬಿಡೋಣ, ಏನ್ ಮಹಾ ಅಂದ್ಕೊಂಡ್ವಿ. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡೋ ಅಂಗಡಿಗೆ ಹೋಗಿ ನಾಲ್ಕು ಎಚ್ ಫ್ರೇಮು (ಎಚ್ ಆಕಾರದ ಪೈಪ್ ಚೌಕಟ್ಟು, ಎರಡರ ಮೇಲೆ ಎರಡು ನಿಲ್ಲಿಸೋದು), ಅದಕ್ಕೆ ಅಡ್ಡ ಹಾಕೋ ಕ್ರಾಸ್ ಬ್ರೇಸು, ಜಾಯಿಂಟ್ ಪಿನ್ನು, ಮೇಲೆ ಹಾಸೋಕೆ ಕಬ್ಬಿಣದ ಹಲಗೆ ಎಲ್ಲಾ ಒಂದು ವಾರಕ್ಕೆ ಮಾತಾಡಿದ್ದಾಯ್ತು. ಗಾಡಿಗೆ ಏರಿಸ್ತಾ ಅಂಗಡಿಯವನು "ಬೇಸ್ ಜ್ಯಾಕ್ ಬೇಡ್ವಾ ಸಾರ್?" ಅಂದ. ಫ್ರೇಮಿನ ಕಾಲಡಿಗೆ ಹಾಕಿ, ತಿರುಗಿಸಿ ಮಟ್ಟ ಮಾಡೋ ಸ್ಕ್ರೂ ಅದು. ಒಂದಕ್ಕೆ ದಿನಕ್ಕೆ 3 ರೂಪಾಯಿ, ನಾಲ್ಕಕ್ಕೆ 12, ಏಳು ದಿನಕ್ಕೆ 84. ನಾನು "ಏ ಬೇಡ, ಮನೇಲಿ ಇಟ್ಟಿಗೆ ಇದಾವೆ" ಅಂದೆ.

ಈ ಇಟ್ಟಿಗೆ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆಮೇಲೆ ನಾನು ಬಿದ್ದ ಕಥೆ ಕೇಳಿದವರೆಲ್ಲಾ "ಓ, ಪೈಪ್ ಮುರೀತಾ?" ಅಂತಾರೆ. ಪೈಪಿಗೆ ಏನೂ ಆಗಿಲ್ಲ. ಒಂದು ಬ್ರೇಸ್ ಕೂಡ ಸೊಟ್ಟ ಆಗಿರ್ಲಿಲ್ಲ, ಅಂಗಡಿಯವನು ಡೆಪಾಸಿಟ್ ಪೂರ್ತಿ ವಾಪಸ್ ಕೊಟ್ಟ.

ಆಗಿದ್ದು ಏನಂದ್ರೆ, ಮನೆ ಮುಂದೆ ಗೋಡೆ ಬುಡದಲ್ಲಿ ಎರಡಡಿ ಕಾಂಕ್ರೀಟ್ ಪಟ್ಟಿ ಇದೆ, ಅದರಾಚೆ ಮಣ್ಣು, ಆ ಮಣ್ಣಲ್ಲೇ ಸಂಪು. ಫ್ರೇಮ್ ಅಗಲ 4 ಅಡಿ. ಅಂದ್ರೆ ಒಳಗಿನ ಎರಡು ಕಾಲು ಕಾಂಕ್ರೀಟ್ ಮೇಲೆ, ಹೊರಗಿನ ಎರಡು ಕಾಲು ಮಣ್ಣಿನ ಮೇಲೆ ಇಟ್ಟಿಗೆ ಇಟ್ಟು ಅದರ ಮೇಲೆ. ಅದೂ ಯಾವ ಮಣ್ಣು? ಸಂಪ್ ಕಟ್ಟಿದಾಗ ಸುತ್ತ ಉಳಿದ ಗುಂಡಿಗೆ ಅದೇ ಅಗೆದ ಎರೆ ಮಣ್ಣನ್ನ ವಾಪಸ್ ತುಂಬಿದ್ರು. ಎರೆ ಹೊಲ ನೋಡಿದವರಿಗೆ ಗೊತ್ತು, ಬೇಸಿಗೇಲಿ ಕಾಲು ತೂರೋ ಅಷ್ಟು ಬಿರುಕು ಬಿಟ್ಟು ಕಲ್ಲಾಗಿರುತ್ತೆ, ಒಂದು ಮಳೆ ಬಿದ್ರೆ ಚಪ್ಪಲಿ ಕಿತ್ಕೊಳ್ಳುತ್ತೆ. ನಾನು ಬೇರೆ ಟೆಸ್ಟ್ ಮಾಡಿದ್ದೆ, ಅದೇ ನಗು ಬರೋದು. ಇಟ್ಟಿಗೆ ಮೇಲೆ ನಿಂತು ಎರಡು ಸಲ ಎಗರಿ, "ನೋಡೋ, ಅಲ್ಲಾಡಲ್ಲ" ಅಂತ ಭಾಮೈದನಿಗೆ ತೋರಿಸಿದ್ದೆ. ಮೇ ತಿಂಗಳು, ಒಣಗಿ ಕಲ್ಲಾಗಿದ್ದ ಮಣ್ಣು, ಯಾಕೆ ಅಲ್ಲಾಡುತ್ತೆ?

ಎರಡು ದಿನ ಕೆಲಸ ಸೂಪರ್. ಮೂರನೇ ದಿನ ರಾತ್ರಿ ಕೃತ್ತಿಕೆ ಮಳೆ, ಒಂದು ಗಂಟೆ ಸುರೀತು. ಬೆಳಿಗ್ಗೆ ಬಿಸಿಲು ಬಂತು, ಗೋಡೆ ಒಣಗಿತ್ತು, ನಾನು ನೋಡಿದ್ದು ಗೋಡೆ ಮಾತ್ರ. ನೆಲದ ಕಡೆ ಕಣ್ಣೂ ಹಾಯಿಸ್ಲಿಲ್ಲ. 20 ಲೀಟರ್ ಬಕೆಟ್ ಹಗ್ಗದಲ್ಲಿ ಮೇಲೆ ಎಳ್ಕೊಂಡು (ಅದೇ ಒಂದು 28-30 ಕೆಜಿ ಬರುತ್ತೆ) ನನ್ನ 78 ಕೆಜಿ ಜೊತೆಗೆ ಹೊರಗಿನ ಅಂಚಲ್ಲಿ ಇಟ್ಟೆ, ಗೋಡೆ ಕಡೆ ಜಾಗ ಬೇಕಲ್ಲ ಅಂತ.

ಹೊರಗಿನ ಒಂದು ಇಟ್ಟಿಗೆ ಎರಡಿಂಚು ಒಳಗೆ ಇಳೀತು, ಅಷ್ಟೇ. ಎರಡಿಂಚು ಏನ್ ಮಹಾ ಅನ್ಸುತ್ತೆ ಅಲ್ವಾ? ಲೆಕ್ಕ ಹಾಕಿ, 4 ಅಡಿ ಅಗಲದಲ್ಲಿ 2 ಇಂಚು ವಾಲಿದ್ರೆ 13 ಅಡಿ ಎತ್ತರದಲ್ಲಿ ಆರೂವರೆ ಇಂಚು ಹೊರಗೆ ಹೋಗುತ್ತೆ. ಹೊರಗೆ ಹೋದಷ್ಟೂ ಭಾರ ಅದೇ ಕಾಲಿನ ಮೇಲೆ ಬೀಳುತ್ತೆ, ಭಾರ ಬಿದ್ದಷ್ಟೂ ಅದು ಇನ್ನೂ ಇಳಿಯುತ್ತೆ. ನಾಲ್ಕೂ ಕಾಲು ಒಟ್ಟಿಗೆ ಮಣ್ಣಲ್ಲೇ ಇದ್ದಿದ್ರೂ ಇಷ್ಟು ಕೆಟ್ಟದಾಗಿ ಆಗ್ತಿರ್ಲಿಲ್ವೇನೋ, ಒಂದು ಕಡೆ ಕಾಂಕ್ರೀಟು ಒಂದು ಕಡೆ ತುಂಬಿದ ಮಣ್ಣು ಆಗಿದ್ದೇ ಎಡವಟ್ಟಾಗಿದ್ದು. ಆಮೇಲೆ ಆ ಇಟ್ಟಿಗೆ, 9 ಇಂಚು 4 ಇಂಚು ಅಂದ್ರೆ 36 ಚದರ ಇಂಚು, ಎರಡಕ್ಕೆ 72. ಅದರ ಬದಲು 9 ಇಂಚು ಅಗಲದ 8 ಅಡಿ ಮರದ ಹಲಗೆ ಒಂದನ್ನ ಎರಡೂ ಕಾಲಿನ ಅಡಿಗೆ ಹಾಕಿದ್ರೆ 864. ಹಲಗೆ ಬಗ್ಗುತ್ತೆ, ಭಾರ ಪೂರ್ತಿ ಹಂಚಲ್ಲ ಅಂದ್ಕೊಂಡ್ರೂ ಎಲ್ಲಿಂದೆಲ್ಲಿಗೆ ನೋಡಿ. ಅಂಥ ಹಲಗೆ ನಮ್ಮ ಟೆರೇಸ್ ಮೇಲೇ ಬಿದ್ದಿತ್ತು, ಕುಂಡ ಇಡೋಕೆ.

ಕಿರ್ ಅಂತ ಸದ್ದು ಕೇಳಿದಾಗ ನಾನು ಬ್ರೇಸ್ ಹಿಡ್ಕೊಂಡು ಇಳಿಯೋಕೆ ಶುರು ಮಾಡಿದೆ. ಏಳೆಂಟಡಿ ಇರುವಾಗ ಇನ್ನು ಆಗಲ್ಲ ಅಂತ ಎಗರಿದೆ, ಎಗರಿದ್ದು ಸಂಪಿನ ಮುಚ್ಚಳದ ಅಂಚಿನ ಮೇಲೆ. ಬಲಗಾಲಿನ ಹಿಮ್ಮಡಿ ಮೂಳೆ ಮೂರು ಚೂರು. ಸ್ಕ್ಯಾಫೋಲ್ಡಿಂಗ್ ಪೂರ್ತಿ ಬೀಳಲೂ ಇಲ್ಲ, ಎದುರಿಗಿದ್ದ ತೆಂಗಿನ ಮರಕ್ಕೆ ಆರಾಮಾಗಿ ಒರಗಿ ನಿಂತ್ಕೊಂಡ್ತು. ಬಕೆಟ್ ಮಾತ್ರ ನನ್ನ ಹಿಂದೇನೇ ಬಂತು. ಚಪ್ಪಡಿ ಕಲ್ಲಿನ ಮೇಲೆ ಐವರಿ ಬಣ್ಣದ ಕಲೆ ಇವತ್ತಿಗೂ ಇದೆ, ಸಂಕ್ರಾಂತಿಗೆ ನಮ್ಮ ಮನೆಯವಳು ಅದರ ಸುತ್ತಾನೇ ರಂಗೋಲಿ ಹಾಕಿದ್ಲು. ಮೂರು ತಿಂಗಳು ಕೆಲಸಕ್ಕೆ ರಜೆ, ಈಗ್ಲೂ ಚಳೀಲಿ ಮೆಟ್ಲು ಇಳಿಯುವಾಗ ಕಟಕಟ ಅನ್ನುತ್ತೆ.

ಮಂಚದ ಮೇಲೆ ಬಿದ್ಕೊಂಡು ಓದಿದ್ದು ಏನಂದ್ರೆ, ಸಾರುವೆ ಏಣಿಗಳಿಗೆ ಅಂತಾನೇ ಐಎಸ್ 3696 ಅನ್ನೋ ನಮ್ಮ ದೇಶದ ಸ್ಟ್ಯಾಂಡರ್ಡ್ ಇದೆ, 1987ರದ್ದು ಸಾರುವೆಗೆ, 1991ರದ್ದು ಏಣಿಗೆ. ನಾನು ಅಷ್ಟು ದಿನ ನಂಬಿದ್ದು ಅಮೆರಿಕದ ರೂಲ್, ತಳದ ಅಗಲದ 4 ಪಟ್ಟು ಎತ್ತರ ದಾಟಿದ್ರೆ ಕಟ್ಟಡಕ್ಕೆ ಕಟ್ಟಬೇಕು ಅಂತ. ನನ್ನದು 4 ಅಡಿಗೆ 13, ದಾಟಿಲ್ಲ, ಕಟ್ಟಿಲ್ಲ. ಆ ಲೆಕ್ಕ ಎಲ್ಲಾ ಗಟ್ಟಿ ನೆಲದ ಮೇಲೆ ಮಟ್ಟವಾಗಿ ನಿಂತಿದ್ರೆ ಮಾತ್ರ ಅಂತ ಹಿಮ್ಮಡಿ ಹೇಳಿಕೊಡ್ತು. ಈಗ ಕೇಳಿದ್ರೆ ನಾನು ಒಂದು ಫ್ಲೋರ್ ದಾಟಿದ್ರೆ ಕಟ್ಟಿ ಅಂತಾನೇ ಹೇಳೋದು. ಅದೂ ಪ್ಯಾರಾಪೆಟ್ ಮೇಲಿನ ಟಿವಿ ಪೈಪಿಗೋ ಕಿಟಕಿ ಸಜ್ಜದ ಸರಳಿಗೋ ಅಲ್ಲ, ಟೆರೇಸಿನ ಕಾಲಂಗೆ. ಸೇಫ್ಟಿ ಬೆಲ್ಟನ್ನೂ ಅಲ್ಲಿಗೇ ಹಾಕಿ. ವಾಲೋ ಸ್ಕ್ಯಾಫೋಲ್ಡಿಂಗಿಗೇ ಹುಕ್ ಹಾಕ್ಕೊಂಡ್ರೆ ಅದರ ಜೊತೆ ನೀವೂ ಹೋಗ್ತೀರ.

ಸರಿ, ನಿಮ್ಮ ಪ್ರಶ್ನೆ. ಸರ್ವೆನಾ ಪೈಪಾ ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ನನ್ನ ಮನೆ ಬಾಕಿ ಪೇಂಟಿಂಗ್ ಮುಗಿಸಿದ ಮೇಸ್ತ್ರಿ ಸರ್ವೆ ಮರದಲ್ಲೇ ಕಟ್ಟಿದ, ಹಳೇ ಕಂಬ, ತೆಂಗಿನ ನಾರಿನ ಹಗ್ಗ, ನೋಡಿದ್ರೆ ಭಯ ಆಗೋ ಹಂಗಿತ್ತು. ಆದ್ರೆ ಅವನು ಬಂದು ಮೊದಲು ಮಾಡಿದ್ದು ಹಾರೆ ತಗೊಂಡು ನೆಲ ಚುಚ್ಚಿ ನೋಡಿದ್ದು. ಸಂಪಿನ ಹತ್ರ ಹಾರೆ ಅರ್ಧ ಮೊಳ ಸಲೀಸಾಗಿ ಇಳೀತು. "ಇದು ತುಂಬಿದ್ದು" ಅಂತ ಒಂದೇ ಮಾತು, ಕಂಬನ ಮೂರಡಿ ಆಚೆ ಹಳೇ ನೆಲದಲ್ಲಿ ಗುಂಡಿ ತೋಡಿ ಹೂತ. ದಿನಾ ಬೆಳಿಗ್ಗೆ ಹತ್ತೋ ಮುಂಚೆ ಒಂದೊಂದು ಗಂಟೂ ಎಳೆದು ನೋಡ್ತಿದ್ದ, ನಾರಿನ ಹಗ್ಗ ನೆಂದು ಒಣಗಿದ್ರೆ ಸಡಿಲ ಆಗುತ್ತಂತೆ. ನಾನು ಹೊಸ ಗ್ಯಾಲ್ವನೈಸ್ಡ್ ಪೈಪ್ ತಂದು ಬಿದ್ದೆ, ಅವನು ಕಟ್ಟಿಗೇಲಿ ಕೆಲಸ ಮುಗಿಸಿ ಬೀಡಿ ಹಚ್ಚಿದ.

ಅದಕ್ಕೇ ಹೇಳ್ತಿರೋದು, ಕೆಳಗಿನ ಫ್ಲೋರ್ ತನಕ ಬೇಕಾದ್ರೆ ನೀವೇ ಮಾಡ್ಕೊಳ್ಳಿ, ಅದರ ಮೇಲಿನದ್ದಕ್ಕೆ ದಿನಾ ಕಟ್ಟೋರನ್ನ ಕರೆಸಿ ಕಟ್ಟಿಸಿ, ಬೇಕಾದ್ರೆ ಪೇಂಟ್ ಮಾತ್ರ ನೀವು ಹೊಡೀರಿ. ಪೈಪ್ ತಂದ್ರೆ ಜ್ಯಾಕ್ ತನ್ನಿ, ಜ್ಯಾಕ್ ಅಡಿಗೆ ಹಲಗೆ ಹಾಕಿ, ಎರಡೂ ಬೇಕು, ಒಂದಿದ್ರೆ ಇನ್ನೊಂದು ಬೇಡ ಅಂತಲ್ಲ. ಚನ್ನಗಿರಿ ಕಡೆಯವರು ಯಾರಾದ್ರೂ ನಿಲ್ಲೋಕೆ ಅಡಕೆ ದಬ್ಬೆ (ಅಡಕೆ ಮರ ಸೀಳಿದ ಪಟ್ಟಿ) ಕೊಡ್ತೀನಿ ಅಂದ್ರೆ ಕೈ ಮುಗಿದು ಬೇಡ ಅನ್ನಿ, ಚಪ್ಪರಕ್ಕೆ ಸರಿ ಅದು. ಕಂಬದಿಂದ ಮನೆಗೆ ಬರೋ ಕರೆಂಟ್ ವೈರು ಕೈಗೆಟುಕೋ ದೂರದಲ್ಲಿದ್ರೆ ಲೈನ್‌ಮ್ಯಾನ್‌ಗೆ ಹೇಳಿ ಸಪ್ಲೈ ಕಟ್ ಮಾಡಿಸದೆ ಪೈಪ್ ಎತ್ತಲೇಬೇಡಿ, ಇದರಲ್ಲಿ ಕಾಮಿಡಿ ಇಲ್ಲ.

ರೇಟ್ ಆಮೇಲೆ ನೋಡೋಣ, ಮೊದಲು ಒಂದು ಫೋಟೋ ಹಾಕಿ. ಗೋಡೆದು ಬೇಡ, ಗೋಡೆ ಬುಡದ ನೆಲದ್ದು. ಸಂಪು, ಪಿಟ್ಟು, ಯುಜಿಡಿ (ಒಳಚರಂಡಿ) ಪೈಪ್ ಎಲ್ಲೆಲ್ಲಿ ಅಗೆದು ಮುಚ್ಚಿದ್ದೀರೋ ಅದನ್ನೂ ಗೆರೆ ಎಳೆದು ತೋರಿಸಿ.