ಮೊದಲ ಸಭೆಯಿಂದ ಅರ್ಧಕ್ಕೆ ಎದ್ದು ಬಂದ ಮೇಷ್ಟ್ರು

ಅವರು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ವಯಸ್ಸು ನಲವತ್ತೈದರ ಆಸುಪಾಸು. ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು, ಜೊತೆಗೆ ಹೆಂಡತಿಯೂ ಇದ್ದರು. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಕುಡಿತ ಬಿಟ್ಟಿದ್ದರು. ಮನೆಗೆ ಬಂದು ಕೆಲವೇ ವಾರಕ್ಕೆ ಮತ್ತೆ ಶುರು. ಹೀಗೆ ಎರಡು ಸಲ ಆಗಿತ್ತು. ಎರಡನೇ ಸಲ ಡಾಕ್ಟರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗೆ ಹೋಗಲು ಹೇಳಿದ್ದರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ಅದು. ಒಂದೇ ಸಲ ಹೋಗಿ ಅರ್ಧಕ್ಕೆ ಎದ್ದು ಬಂದಿದ್ದರು.

"ಅಲ್ಲಿದ್ದವರ ಕಥೆ ಕೇಳಿದರೆ ನಾನು ಅಷ್ಟು ಕೆಟ್ಟಿಲ್ಲ ಮೇಡಂ. ಒಬ್ಬರು ಮನೆ ಕಳ್ಕೊಂಡಿದ್ದಾರೆ. ನಾನು ಇವತ್ತಿನವರೆಗೂ ಕ್ಲಾಸ್ ತಪ್ಪಿಸಿಲ್ಲ" ಅಂದರು.

ನಾನು ವಾದಕ್ಕೆ ನಿಲ್ಲಲಿಲ್ಲ. ಅಲ್ಲಿ ಕೇಳಿದ್ದರಲ್ಲಿ ನಿಮಗೂ ಆಗಿರೋದು ಏನಾದರೂ ಇತ್ತಾ ಅಂತಷ್ಟೇ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಬಾಟಲಿ ಬಚ್ಚಿಟ್ಟ ಜಾಗ ಮರೆತು ರಾತ್ರಿಯೆಲ್ಲ ಹುಡುಕಿದ್ದನ್ನು ಒಬ್ಬರು ಹೇಳಿದ್ದರಂತೆ. "ನನ್ನದೇ ಕಥೆ ಹೇಳ್ತಿದ್ದಾರೆ ಅನ್ನಿಸ್ತು. ಆಗಲೇ ಎದ್ದು ಬಂದೆ."

ಸಭೆ ಬಿಟ್ಟು ಬರುವವರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. "ನಾನು ಬೇರೆ" ಅನ್ನುವುದು ಬಾಯಿಮಾತು. ನಾನೂ ಅವರ ಹಾಗೇ ಅಂತ ಗೊತ್ತಾದಾಗಲೇ ಕಾಲು ಬಾಗಿಲ ಕಡೆ ಹೋಗುತ್ತದೆ. ಹಾಗಾಗಿ ಒಂದೇ ಸಭೆ ನೋಡಿ ತೀರ್ಮಾನ ಮಾಡಬೇಡಿ ಅಂದೆ. ಬೇರೆ ಬೇರೆ ಗುಂಪುಗಳಲ್ಲಿ ಐದಾರು ಸಭೆಯಾದರೂ ಕೂತು ನೋಡಿ. ಒಂದೊಂದು ಗುಂಪಿನ ರೀತಿ ಒಂದೊಂದು ಥರ.

ಅವರ ದೊಡ್ಡ ಭಯ ಬೇರೆಯೇ ಇತ್ತು. ಮಕ್ಕಳ ತಂದೆ ತಾಯಿ ಯಾರಾದರೂ ಅಲ್ಲಿ ಸಿಕ್ಕಿದರೆ? ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಕೆಲಸದ ಪ್ರಶ್ನೆ ಅಲ್ವಾ. ಎಎಯಲ್ಲಿ ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕವೂ ಇಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಸದಸ್ಯರಾಗಲು ಇನ್ನೇನೂ ಬೇಕಿಲ್ಲ. ಮುಚ್ಚಿದ ಸಭೆಗೆ ಕುಡಿತದ ಸಮಸ್ಯೆ ಇರುವವರು ಮಾತ್ರ ಬರುತ್ತಾರೆ. ತೆರೆದ ಸಭೆಗೆ ಮನೆಯವರೂ ಬರಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವುದು ಎಲ್ಲರೂ ಪಾಲಿಸಬೇಕಾದ ರೂಢಿ. ಆದರೂ ಅದು ಜನರ ಮೇಲಿನ ನಂಬಿಕೆಯಿಂದ ನಡೆಯುವಂಥದ್ದು, ಅದನ್ನು ಮುಚ್ಚಿಡದೆ ಹೇಳಿದೆ. ಶುರುವಿನಲ್ಲಿ ಶಾಲೆಯಿಂದ ದೂರದ ಬಡಾವಣೆಯ ಮುಚ್ಚಿದ ಸಭೆ ಆರಿಸಿ, ನಡುವೆ ಆನ್‌ಲೈನ್ ಸಭೆಗೂ ಕೂರಿ ಅಂದೆ.

ಸಭೆ ಹುಡುಕುವುದು ಕಷ್ಟವಿಲ್ಲ. ಎಎಯ ವೆಬ್‌ಸೈಟ್ ಅಥವಾ ಸಹಾಯವಾಣಿ ನೋಡಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಆದರೆ ಜಾಗ, ಸಮಯ ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಬೀಗ ಹಾಕಿದ ಬಾಗಿಲು ನೋಡಿದವರು ಇನ್ನೊಂದು ಸಲ ಹೋಗುವುದು ಕಷ್ಟ. ಹತ್ತು ನಿಮಿಷ ಮುಂಚೆ ಹೋಗಿ "ನಾನು ಹೊಸಬ" ಅಂದರೆ ಸಾಕು, ಯಾರಾದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮಾತಾಡಲೇಬೇಕು ಅಂತಿಲ್ಲ. "ಇವತ್ತು ಬರೀ ಕೇಳ್ತೀನಿ" ಅನ್ನಬಹುದು.

ಮೇಷ್ಟ್ರು ವಿಜ್ಞಾನದವರಲ್ಲವೇ, ಪುರಾವೆ ಕೇಳಿದರು. ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಇಂಥ 27 ಅಧ್ಯಯನಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿದ್ದವರು 10,565 ಜನ. ಕುಡಿತ ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಎಎಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೇ ಇತ್ತು. ಎಎ ಹುಟ್ಟಿದ ಬಗೆಯನ್ನೂ ಹೇಳಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಅನ್ನುವವರಿಗೆ ಹೋಟೆಲಿನಲ್ಲಿ ಒಬ್ಬರೇ ಇದ್ದಾಗ ಕುಡಿಯುವ ಆಸೆ ಕೆರಳಿತು. ಅವರು ಅಲ್ಲಿ ಇಲ್ಲಿ ಫೋನ್ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕರನ್ನು ಹುಡುಕಿದರು. ಹಾಗೆ ಸಿಕ್ಕವರೇ ಡಾಕ್ಟರ್ ಬಾಬ್. ಇಂದಿಗೂ ಸಭೆಯ ಜೀವ ಆ ಮಾತುಕತೆಯೇ. ಎಎಯಲ್ಲಿ ಬರುವ ದೇವರ ಮಾತು ಒಗ್ಗದಿದ್ದರೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಗುಂಪುಗಳಿವೆ. ಅಲ್ಲಿ ಯೋಚನೆ, ಅಭ್ಯಾಸಗಳ ಮೇಲೆ ಕೆಲಸ ಮಾಡುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಿದೆ. ದಿನಾ ಜಾಸ್ತಿ ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಬೆವರು ಶುರುವಾಗಿ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರು, ಜೊತೆಗೆ ಸಭೆ. ಗುಂಪಿನಲ್ಲಿ ಯಾರೋ ಹೇಳಿದರು ಅಂತ ಮಾತ್ರೆ ನಿಲ್ಲಿಸುವ ಹಾಗಿಲ್ಲ.

"ನಾನು ಇವರ ಜೊತೆ ಹೋಗಿ ಬಾಗಿಲಲ್ಲಿ ಕೂರಲಾ?" ಅಂತ ಹೆಂಡತಿ ಕೇಳಿದರು. ಬೇಡ ಅಂದೆ. ಬಂದ ತಕ್ಷಣ ಬಾಯಿ ಮೂಸಿ ನೋಡುವುದೂ ಬೇಡ, ಅಲ್ಲೇನಾಯ್ತು ಅಂತ ಕೆದಕುವುದೂ ಬೇಡ. ವರ್ಷಗಟ್ಟಲೆ ಕಾವಲು ಕಾದು ಅವರೇ ಬಸವಳಿದಿದ್ದರು. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಅಲ್-ಅನಾನ್ ಗುಂಪುಗಳಿವೆ. ಗಂಡನನ್ನು ತಿದ್ದುವುದಕ್ಕಲ್ಲ, ನಿಮಗೋಸ್ಕರ ಹೋಗಿ ಅಂದೆ. ಆಗ ಅವರು ಅತ್ತರು.

ಮೇಷ್ಟ್ರಿಗೆ ಮೂರನೇ ಗುಂಪು ಒಗ್ಗಿತು. ಅಲ್ಲೇ ಸ್ಪಾನ್ಸರ್ ಸಿಕ್ಕರು, ಅಂದರೆ ಕುಡಿತ ಬಿಟ್ಟು ವರ್ಷಗಳಾದ, ಹೊತ್ತಲ್ಲದ ಹೊತ್ತಿನಲ್ಲೂ ಫೋನ್ ಎತ್ತುವ ಹಿರಿಯರು. ಕೆಲವು ತಿಂಗಳ ಮೇಲೆ ಒಂದು ಸಂಜೆ ಮತ್ತೆ ಕುಡಿದರು. "ಇನ್ನು ಯಾವ ಮುಖ ಇಟ್ಕೊಂಡು ಹೋಗಲಿ?" ಅಂತ ನನಗೆ ಫೋನ್ ಮಾಡಿದರು. ಮೊದಲು ಸ್ಪಾನ್ಸರ್‌ಗೆ ಹೇಳಿ, ನಾಳೆಯ ಸಭೆಗೇ ಹೋಗಿ ಅಂದೆ. ಕುಡಿದರು ಅಂತ ಅಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ. ಹೋದರು. ಈಗಲೂ ಹೋಗುತ್ತಿದ್ದಾರೆ. ಮಗನ ಜೊತೆ ಮಾತು ಶುರು ಮಾಡುವುದು ಹೇಗೆ ಅನ್ನುವುದರ ಮೇಲೆ ಈಗ ನಾವು ಕೆಲಸ ಮಾಡುತ್ತಿದ್ದೇವೆ.