56ಕೆ ಮೋಡೆಮ್ ಇದ್ದರೂ ಇಂಟರ್ನೆಟ್ ನಿಧಾನವೇಕೆ?

ಬೀದರಿನ ನಿಮ್ಮ ಮನೆಯಲ್ಲಿ 56ಕೆ ಮೋಡೆಮ್ (ಫೋನ್ ತಂತಿಯ ಮೂಲಕ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವ, ಸೆಕೆಂಡಿಗೆ 56 ಕಿಲೋಬಿಟ್ ವೇಗದ ಸಾಧನ) ಇದ್ದರೂ ಸಂಪರ್ಕವು 28.8 ಕಿಲೋಬಿಟ್‌ಗೇ ನಿಲ್ಲುತ್ತದೆ, ಮಳೆ ಬಂದಾಗ ಇನ್ನೂ ಕುಸಿಯುತ್ತದೆ ಎಂದು ಬರೆದಿದ್ದೀರಿ. ಮಳೆಯ ಮಾತನ್ನು ನೀವೇ ಎತ್ತಿರುವುದರಿಂದ ನನ್ನ ಅನುಮಾನ ಕಂಪ್ಯೂಟರಿನ ಮೇಲಲ್ಲ, ತಂತಿಯ ಮೇಲೆ. ಮೋಡೆಮ್ ಪ್ರತಿ ಸಲ ಕರೆ ಮಾಡಿದಾಗ, ಆ ಕಿರ್ರೆನ್ನುವ ಸದ್ದಿನ ನಡುವೆಯೇ ಲೈನಿನ ಗುಣಮಟ್ಟವನ್ನು ಅಳೆದು, ಗದ್ದಲ ಹೆಚ್ಚಿದ್ದರೆ ತಾನಾಗಿಯೇ ಕಡಿಮೆ ವೇಗವನ್ನು ಆರಿಸಿಕೊಳ್ಳುತ್ತದೆ; ಜೋಡಣೆಗಳಲ್ಲಿ ನೀರಿಳಿದು ತಾಮ್ರಕ್ಕೆ ಕಿಲುಬು ಹಿಡಿದಿದ್ದರೆ ಈ ಗದ್ದಲ ಏರುತ್ತದೆ. ಫೋನೆತ್ತಿ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೇಲೆ ಆಲಿಸಿರಿ. ಚರಚರ ಸದ್ದು ಕೇಳಿದರೆ ದೂರವಾಣಿ ಕಚೇರಿಗೆ ದೂರು ಕೊಡಬೇಕು; ಆದರೆ ಇಂಟರ್ನೆಟ್ ನಿಧಾನವೆನ್ನದೆ, ಮಾತಿನಲ್ಲಿ ಸದ್ದು ಬರುತ್ತಿದೆ ಎಂದೇ ಬರೆಸುವುದು ಲೇಸು, ಏಕೆಂದರೆ ಲೈನ್‌ಮನ್ ಕಿವಿಗೆ ಹಿಡಿದು ನೋಡುವುದು ಅದನ್ನೇ. ಅದಕ್ಕೂ ಮೊದಲು ಒಳಕೋಣೆಯ ಎರಡನೆಯ ಫೋನನ್ನು ಕಳಚಿ, ತಂತಿ ಮನೆಯೊಳಗೆ ಬರುವ ಮೊದಲ ಸಾಕೆಟ್ಟಿಗೇ ಮೋಡೆಮನ್ನು ಜೋಡಿಸಿ ನೋಡಿರಿ. ಸಂಪರ್ಕ ನಡುನಡುವೆ ಕಡಿದುಹೋಗುತ್ತಿದ್ದರೆ ಕಾಲ್ ವೇಟಿಂಗ್ ಸೌಲಭ್ಯವನ್ನು ತೆಗೆಸಿರಿ; ಇನ್ನೊಂದು ಕರೆ ಬಂದಾಗ ಅದು ಕೊಡುವ ಸದ್ದೇ ಸಂಪರ್ಕವನ್ನು ಕಡಿಯಬಹುದು. ಅಂದಹಾಗೆ, 56ಕೆ ಎಂಬುದು ಬಿಟ್‌ಗಳ ಲೆಕ್ಕ. 8 ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 8ರಿಂದ ಭಾಗಿಸಿದರೆ ಸೆಕೆಂಡಿಗೆ 7 ಕಿಲೋಬೈಟ್ ಮಾತ್ರ, ಅದೂ ಕಾಗದದ ಮೇಲೆ. ವಿ.90 ಎಂಬ 56ಕೆ ಮಾನದಂಡದ ಮೋಡೆಮಿನಲ್ಲಿ ಮೇಲಕ್ಕೆ, ಅಂದರೆ ನಿಮ್ಮ ಕಂಪ್ಯೂಟರಿನಿಂದ ಇಂಟರ್ನೆಟ್ಟಿಗೆ, ಕಳಿಸುವ ವೇಗವಂತೂ 33.6 ಕಿಲೋಬಿಟ್ಟನ್ನು ದಾಟುವುದೇ ಇಲ್ಲ.